ಕೊಡೆ ನಮ್ಮದು, ತೋಟ ಗೆದ್ದಲಿನದು

ಮುಂಗಾರು ಹಿಡಿದು ನೆಲ ಚೆನ್ನಾಗಿ ನೆನೆದ ಮೇಲೆ ಮಲೆನಾಡು, ಕರಾವಳಿ, ಕೊಡಗಿನ ಊರುಗಳಲ್ಲಿ ಅಣಬೆಯ ಮಾತು ಶುರುವಾಗುತ್ತದೆ. ತುಳುವರಿಗೆ ಅದು ಲಾಂಬು, ಕೊಡವರಿಗೆ ಕುಮ್ಮು, ಗೋವೆಯ ಕೊಂಕಣಿಗರಿಗೆ ಅಳ್ಮಿ. ಯಾವ ಹುತ್ತದ ಬುಡದಲ್ಲಿ, ಯಾವ ಮಳೆ ನಕ್ಷತ್ರದಲ್ಲಿ ಏಳುತ್ತದೆ ಎನ್ನುವುದು ಆಯಾ ಮನೆಯ ಗುಟ್ಟು. ಅಣಬೆಯ ಮಾತು ಬಂದಲ್ಲೆಲ್ಲ ಒಂದು ಕೊರಗೂ ಜೊತೆಗೆ ಬರುತ್ತದೆ: ಮೊದಲಿನ ಹಾಗೆ ಈಗ ಏಳುವುದಿಲ್ಲ, ಕಂಡಕಂಡವರೆಲ್ಲ ಕಿತ್ತು ಕಿತ್ತು ಅಣಬೆಯ ಸಂತಾನವೇ ತೀರಿಹೋಯಿತು. ಕೀಳುವವರು ಹೆಚ್ಚಾದರೆ ಕೀಳುವ ವಸ್ತು ಕಡಿಮೆಯಾಗಬೇಕು ಎಂಬ ಲೆಕ್ಕ ಮೇಲುನೋಟಕ್ಕೆ ಸರಿಯಾಗಿಯೇ ಕಾಣುತ್ತದೆ. ಮೀನಿನ ವಿಷಯದಲ್ಲಿ, ಶ್ರೀಗಂಧದ ವಿಷಯದಲ್ಲಿ ಅದು ನಿಜವಾಗಿದೆ. ಆದರೆ ಅಣಬೆಯ ವಿಷಯದಲ್ಲಿ ಈ ಲೆಕ್ಕ ಬಹುಪಾಲು ತಪ್ಪು. ಅಣಬೆಯನ್ನು ಕೊಲ್ಲುವುದು ಅದನ್ನು ಕೀಳುವ ಕೈಯಲ್ಲ, ಅದರ ಕೆಳಗಿನ ನೆಲವನ್ನು ಕೆಡಿಸುವ ಕೆಲಸ. ಇದನ್ನು ಮೊದಲು ಸಾಕ್ಷ್ಯಗಳ ಮೂಲಕ ತೋರಿಸಿ, ಆಮೇಲೆ ನಮ್ಮ ಹುತ್ತದ ಅಣಬೆಯ ಮಟ್ಟಿಗೆ ಈ ಮಾತಿಗೆ ಎಲ್ಲಿ ಮಿತಿ ಹಾಕಬೇಕು ಎನ್ನುವುದನ್ನು ನೋಡೋಣ. ಆ ಮಿತಿಯನ್ನು ಬಿಟ್ಟು ಹೇಳಿದರೆ ಅರ್ಧ ಸತ್ಯ ಹೇಳಿದಂತಾಗುತ್ತದೆ.

ನಾವು ಅಣಬೆ ಎಂದು ಕೀಳುವುದು ಒಂದು ಜೀವಿಯ ಸಣ್ಣ ಭಾಗ ಮಾತ್ರ. ಜೀವಿಯ ಮೈಯೆಲ್ಲ ಮಣ್ಣಿನೊಳಗೆ, ಕೊಳೆತ ಮರದೊಳಗೆ, ಬೇರಿನ ತುದಿಗಳಲ್ಲಿ ಕಣ್ಣಿಗೆ ಕಾಣದಷ್ಟು ತೆಳ್ಳಗಿನ ಎಳೆಗಳಾಗಿ ಹರಡಿಕೊಂಡಿರುತ್ತದೆ. ಅಮೆರಿಕದ ಆರೆಗನ್ ರಾಜ್ಯದ ಮಲೂರ್ ಕಾಡಿನಲ್ಲಿ ಆರ್ಮಿಲೇರಿಯಾ ಎಂಬ ಶಿಲೀಂಧ್ರದ ಒಂದೇ ಒಂದು ಜೀವಿ ಸುಮಾರು 965 ಹೆಕ್ಟೇರ್ ನೆಲವನ್ನು ಆವರಿಸಿದೆ. ಅದರ ವಯಸ್ಸು ಸಾವಿರಾರು ವರ್ಷಗಳಲ್ಲಿದೆ. ವರ್ಷದ ಬಹುಕಾಲ ಅದು ನೆಲದ ಮೇಲೆ ಕಾಣಿಸಿಕೊಳ್ಳುವುದೇ ಇಲ್ಲ. ತೇವ, ತಂಪು, ಆಹಾರ ಒಟ್ಟಿಗೆ ಕೂಡಿಬಂದಾಗ ಕೆಲವು ದಿನಗಳ ಮಟ್ಟಿಗೆ ಕೊಡೆ ಬಿಚ್ಚಿ ಬೀಜಕಗಳನ್ನು ಗಾಳಿಗೆ ತೂರುತ್ತದೆ. ಒಂದು ಅಣಬೆ ಉದುರಿಸುವ ಬೀಜಕಗಳು ನೂರಾರು ಕೋಟಿ ಆಗಬಹುದು. ಅವುಗಳಲ್ಲಿ ಮೊಳೆತು ಬದುಕುವುದು ಎಲ್ಲೋ ಒಂದು. ಆದ್ದರಿಂದ ಕೊಡೆಯನ್ನು ಕಿತ್ತರೆ ಆ ವರ್ಷದ ಬೀಜಕ ಹೋಯಿತೇ ಹೊರತು ಜೀವಿಯೇ ಹೋಗಲಿಲ್ಲ. ಮಣ್ಣಿನೊಳಗಿನ ಎಳೆಗಳು ಹಾಗೆಯೇ ಉಳಿದಿರುತ್ತವೆ.

ಇದು ಬರೀ ತರ್ಕವಲ್ಲ, ದೀರ್ಘಕಾಲದ ಪರೀಕ್ಷೆಗೂ ಒಳಗಾಗಿದೆ. ಸ್ವಿಟ್ಜರ್ಲೆಂಡಿನ ಫ್ರೀಬೂರ್ ಪ್ರಾಂತ್ಯದಲ್ಲಿ ಲಾ ಶನೇಯಾ ಎಂಬ ಕಾಡಿನ ತುಂಡನ್ನು 1975ರಲ್ಲಿ ಇದಕ್ಕೆಂದೇ ಬೇಲಿ ಹಾಕಿ ಮೀಸಲಿಟ್ಟರು. ಕೆಲವು ತಾಕುಗಳಲ್ಲಿ ಎದ್ದ ಅಣಬೆಯನ್ನೆಲ್ಲ ಕಿತ್ತರು, ಕೆಲವು ತಾಕುಗಳಲ್ಲಿ ಚಾಕುವಿನಿಂದ ಬುಡದಲ್ಲಿ ಕೊಯ್ದರು, ಕೆಲವನ್ನು ಮುಟ್ಟದೆ ಎಣಿಸಿದರು. ಹೀಗೆ 2003ರವರೆಗೆ 29 ವರ್ಷ ನಡೆಸಿ, 2006ರಲ್ಲಿ ಸೈಮನ್ ಎಗ್ಲಿ ಮತ್ತು ಅವರ ಸಂಗಡಿಗರು ಫಲಿತಾಂಶ ಪ್ರಕಟಿಸಿದರು. ಕಿತ್ತ ಕಡೆಯಾಗಲಿ ಕೊಯ್ದ ಕಡೆಯಾಗಲಿ ಅಣಬೆಗಳ ಸಂಖ್ಯೆ ಕಡಿಮೆಯಾಗಲಿಲ್ಲ, ಜಾತಿಗಳೂ ಕಡಿಮೆಯಾಗಲಿಲ್ಲ. ಬೇರುಸಹಿತ ಕೀಳಬೇಕೋ, ಬುಡ ಬಿಟ್ಟು ಕೊಯ್ಯಬೇಕೋ ಎಂದು ಯುರೋಪಿನಲ್ಲಿ ತಲೆಮಾರುಗಳಿಂದ ನಡೆದ ಜಗಳಕ್ಕೆ ಅಲ್ಲಿ ಉತ್ತರ ಸಿಕ್ಕಿತು: ಎರಡರಲ್ಲಿ ಯಾವುದಾದರೂ ಆಗಬಹುದು. ಆದರೆ ಒಂದು ವ್ಯತ್ಯಾಸ ಎದ್ದು ಕಂಡಿತು. ಜನ ಓಡಾಡಿ ನೆಲ ತುಳಿದ ಕಡೆ ಅಣಬೆ ಗಮನಾರ್ಹವಾಗಿ ಕಡಿಮೆ ಎದ್ದಿತು. ಕೈ ಮಾಡದ ಹಾನಿಯನ್ನು ಕಾಲು ಮಾಡಿತ್ತು. ಆರೆಗನ್ನಿನ ಹುಡ್ ಪರ್ವತದ ಬಳಿ ಅಲ್ಲಿನ ಅಣಬೆ ಸಂಘದವರು 1986ರಲ್ಲಿ ಶುರು ಮಾಡಿ ವರ್ಷಾನುಗಟ್ಟಲೆ ನಡೆಸಿದ ಶಾಂಟರೆಲ್ ಅಣಬೆಯ ಪರೀಕ್ಷೆಯಲ್ಲೂ ಕೀಳುವುದರಿಂದ ಇಳುವರಿ ಕುಗ್ಗಿದ್ದು ಕಾಣಲಿಲ್ಲ.

ಹಾಗಾದರೆ ಯುರೋಪಿನಲ್ಲಿ ಅಣಬೆ ಕಡಿಮೆಯಾದದ್ದು ಸುಳ್ಳೇ? ಅಲ್ಲ. ನೆದರ್ಲೆಂಡ್ಸಿನಲ್ಲಿ ಶಾಂಟರೆಲ್ ಇಪ್ಪತ್ತನೆಯ ಶತಮಾನದ ನಡುಭಾಗದಿಂದ ಈಚೆಗೆ ಅಪರೂಪವಾಗುತ್ತ ಬಂತು. ಮೊದಲ ಆರೋಪ ಬಂದದ್ದು ಅಲ್ಲೂ ಬುಟ್ಟಿ ಹಿಡಿದವರ ಮೇಲೆಯೇ. ಶಿಲೀಂಧ್ರ ವಿಜ್ಞಾನಿ ಏಫ್ ಆರ್ನಾಲ್ಡ್ಸ್ ಹಳೆಯ ದಾಖಲೆಗಳನ್ನೆಲ್ಲ ಜಾಲಾಡಿ, 1991ರಲ್ಲಿ ಒಂದು ಸರಳ ಸಂಗತಿಯತ್ತ ಗಮನ ಸೆಳೆದರು. ಮರದ ಬೇರಿನ ಜೊತೆ ಕೂಡಿ ಬಾಳುವ ಅಣಬೆಗಳು ಒಟ್ಟಾರೆಯಾಗಿ ಕಡಿಮೆಯಾಗಿದ್ದವು. ತಿನ್ನುವಂಥವೂ ಹೋಗಿದ್ದವು, ಯಾರೂ ಮುಟ್ಟದಂಥವೂ ಹೋಗಿದ್ದವು. ಕೀಳುವುದೇ ಕಾರಣವಾಗಿದ್ದರೆ ತಿನ್ನದ ಜಾತಿಗಳು ಉಳಿಯಬೇಕಿತ್ತು. ನಿಜವಾದ ಕಾರಣ ಗಾಳಿಯಲ್ಲಿತ್ತು. ದೊಡ್ಡ ದೊಡ್ಡ ಕೊಟ್ಟಿಗೆಗಳ ಸಗಣಿ ಗಂಜಲದಿಂದ ಏಳುವ ಅಮೋನಿಯಾ, ಕಾರ್ಖಾನೆ ಮತ್ತು ವಾಹನಗಳ ಹೊಗೆ ಇವು ಮಳೆಯೊಂದಿಗೆ ಇಳಿದು ಕಾಡಿನ ಮಣ್ಣಿಗೆ ಬೇಡದಷ್ಟು ಸಾರಜನಕ ಸುರಿದಿದ್ದವು. ಪುಕ್ಕಟೆ ಸಾರಜನಕ ಸಿಕ್ಕ ಮರಕ್ಕೆ ಅದನ್ನು ಒದಗಿಸುವ ಶಿಲೀಂಧ್ರದ ಹಂಗು ಕಡಿಮೆಯಾಗುತ್ತದೆ, ಬೇರಿನಿಂದ ಸಕ್ಕರೆ ಕೊಡುವುದನ್ನೂ ಅದು ಕಡಿಮೆ ಮಾಡುತ್ತದೆ. ತಿನ್ನದ ಅಣಬೆಯ ಸಾಕ್ಷ್ಯವನ್ನು ಕೇಳುವ ಈ ವಿಧಾನ ನನಗೆ ಬಹಳ ಮೆಚ್ಚಿಗೆಯದು. ಯಾವ ಊರಿನಲ್ಲಿ ಅಣಬೆ ಕಡಿಮೆಯಾಯಿತು ಎಂದು ಕೇಳಿದರೂ, ಯಾರೂ ಕೀಳದ ನಾಯಿಕೊಡೆಗಳ ಗತಿ ಏನಾಯಿತು ಎಂದು ಮೊದಲು ವಿಚಾರಿಸಬೇಕು.

ಇದಕ್ಕೆ ಎದುರಾಗಿ ಎರಡು ಗಟ್ಟಿ ಆಕ್ಷೇಪಗಳಿವೆ. ಮೊದಲನೆಯದು ಮತ್ಸುತಾಕೆ ಎಂಬ ದುಬಾರಿ ಅಣಬೆಯದು. ಅದು ಇನ್ನೂ ಮಣ್ಣಿನೊಳಗೆ ಅಡಗಿದ್ದಾಗಲೇ ಹೆಚ್ಚು ಬೆಲೆ. ಹಾಗಾಗಿ ಸಂಗ್ರಹಿಸುವವರು ಕುಂಟೆಯಿಂದ ನೆಲ ಕೆರೆದು ಹುಡುಕುತ್ತಾರೆ. ಆರೆಗನ್ನಿನಲ್ಲಿ ಇದನ್ನೂ ಸುಮಾರು ಹತ್ತು ವರ್ಷ ಪರೀಕ್ಷಿಸಿ 2006ರಲ್ಲಿ ಪ್ರಕಟಿಸಿದರು. ಒಂದೊಂದನ್ನೇ ಜೋಪಾನವಾಗಿ ಕಿತ್ತ ಕಡೆ ಹಾನಿಯಾಗಲಿಲ್ಲ. ಆಳವಾಗಿ ಕೆರೆದು, ತರಗೆಲೆಯ ಹೊದಿಕೆಯನ್ನು ಮತ್ತೆ ಮುಚ್ಚದೆ ಬಿಟ್ಟ ಕಡೆ ಇಳುವರಿ ಕುಸಿದುಹೋಗಿ, ವರ್ಷಗಳಾದರೂ ಚೇತರಿಸಿಕೊಳ್ಳಲಿಲ್ಲ. ಈ ಆಕ್ಷೇಪ ನನ್ನ ಮಾತನ್ನು ಅಲ್ಲಗಳೆಯುವುದಿಲ್ಲ, ಇನ್ನಷ್ಟು ಖಚಿತಗೊಳಿಸುತ್ತದೆ: ಹಾನಿಯಾದದ್ದು ನೆಲಕ್ಕೆ ಕೈ ಹಾಕಿದ್ದರಿಂದ. ಮತ್ಸುತಾಕೆಯ ತವರಾದ ಜಪಾನಿನ ಕಥೆಯೂ ನೆಲದ್ದೇ. ಅಲ್ಲಿ 1941ರಲ್ಲಿ ಸುಮಾರು 12 ಸಾವಿರ ಟನ್ ಸಿಗುತ್ತಿದ್ದದ್ದು ಇತ್ತೀಚಿನ ವರ್ಷಗಳಲ್ಲಿ ನೂರು ಟನ್ನನ್ನೂ ಮುಟ್ಟುತ್ತಿಲ್ಲ. ಹೊರಗಿನಿಂದ ಬಂದ ಒಂದು ಜಂತುಹುಳು ಪೈನ್ ಮರಗಳನ್ನು ಒಣಗಿಸಿತು. ಜೊತೆಗೆ ಊರವರು ಸೌದೆಗೆ, ಗೊಬ್ಬರಕ್ಕೆ ಪೈನ್ ಕಾಡಿಗೆ ಹೋಗುವುದನ್ನು ಬಿಟ್ಟ ಮೇಲೆ ತರಗು ದಪ್ಪವಾಗಿ ಕೂತು ಆ ಅಣಬೆಗೆ ಬೇಕಾದ ಬಡಕಲು ನೆಲವೇ ಇಲ್ಲವಾಯಿತು.

ಎರಡನೆಯ ಆಕ್ಷೇಪ ಹಿಮಾಲಯದ್ದು, ಇದನ್ನು ಸುಲಭವಾಗಿ ತಳ್ಳಿಹಾಕಲಾಗದು. ಟಿಬೆಟ್, ನೇಪಾಳ, ಭೂತಾನ್ ಮತ್ತು ನಮ್ಮ ಉತ್ತರಾಖಂಡದ ಎತ್ತರದ ಹುಲ್ಲುಗಾವಲುಗಳಲ್ಲಿ ಸಿಗುವ ಕೀಡಾಜಡಿ ಒಂದು ಪತಂಗದ ಮರಿಹುಳುವನ್ನು ಕೊಂದು ಅದರ ತಲೆಯಿಂದ ಎದ್ದುಬರುವ ಶಿಲೀಂಧ್ರ. 2018ರಲ್ಲಿ ಕೆಲ್ಲಿ ಹಾಪಿಂಗ್ ಮತ್ತು ಸಂಗಡಿಗರು ಈ ನಾಲ್ಕೂ ಕಡೆಯ ಮಾಹಿತಿ ಕಲೆಹಾಕಿ, ಅದು ಇಳಿಮುಖವಾಗಿದೆ, ಅತಿ ಸಂಗ್ರಹಣೆ ಮತ್ತು ಹವಾಮಾನ ಬದಲಾವಣೆ ಎರಡೂ ಅದಕ್ಕೆ ಕಾರಣ ಎಂದು ತೋರಿಸಿದರು. 2020ರಲ್ಲಿ ಅದು ಅಂತರರಾಷ್ಟ್ರೀಯ ಕೆಂಪು ಪಟ್ಟಿಗೂ ಸೇರಿತು. ಇಲ್ಲಿ ಕೀಳುವುದೂ ಕುತ್ತಾಗಿದೆ. ಯಾಕೆ? ಇಲ್ಲಿ ಮಣ್ಣಿನೊಳಗೆ ನೂರಾರು ವರ್ಷ ಬಾಳುವ ಎಳೆಗಳ ಜಾಲವೇ ಇಲ್ಲ. ಒಂದು ಹುಳುವಿನ ಶಿಲೀಂಧ್ರ ಆ ಹುಳುವಿನೊಡನೆಯೇ ಮುಗಿಯುತ್ತದೆ. ಮುಂದಿನ ವರ್ಷ ಇನ್ನೊಂದು ಹುಳುವನ್ನು ಹಿಡಿಯಬೇಕಾದರೆ ಬೀಜಕಗಳು ಉದುರಲೇಬೇಕು. ಮಾರುಕಟ್ಟೆಗಾದರೋ ಬೀಜಕ ಬಲಿಯುವ ಮುಂಚಿನ ಎಳೆಯ ಸರಕೇ ಬೇಕು. ಸ್ವಿಸ್ ಕಾಡಿನ ಫಲಿತಾಂಶವನ್ನು ಎಲ್ಲ ಅಣಬೆಗೂ ಕಣ್ಣುಮುಚ್ಚಿ ಅನ್ವಯಿಸಬಾರದು ಎನ್ನುವುದಕ್ಕೆ ಕೀಡಾಜಡಿ ಸಾಕ್ಷಿ. ಯಾವ ಅಣಬೆಯ ವಿಷಯದಲ್ಲಾದರೂ ಕೇಳಬೇಕಾದ ಪ್ರಶ್ನೆ ಇದು: ಕೊಡೆ ಹೋದ ಮೇಲೆ ನೆಲದಲ್ಲಿ ಏನು ಉಳಿಯುತ್ತದೆ, ಮುಂದಿನ ತಲೆಮಾರಿಗೆ ಬೀಜಕದ ಅಗತ್ಯ ಎಷ್ಟು?

ಈ ಪ್ರಶ್ನೆಯನ್ನು ನಮ್ಮ ಹುತ್ತದ ಅಣಬೆಗೆ ಹಾಕಿದರೆ ಉತ್ತರ ತೀರಾ ಕುತೂಹಲಕರವಾಗಿ ಬರುತ್ತದೆ. ಪಶ್ಚಿಮ ಘಟ್ಟದುದ್ದಕ್ಕೂ ಜನ ಅತಿ ಇಷ್ಟದಿಂದ ತಿನ್ನುವ ಅಣಬೆಗಳು ಟರ್ಮಿಟೊಮೈಸಿಸ್ ಎಂಬ ಕುಲದವು. ಫ್ರೆಂಚ್ ವಿಜ್ಞಾನಿ ರೋಜೆ ಹೈಮ್ 1942ರಲ್ಲಿ ಈ ಕುಲಕ್ಕೆ ಹೆಸರಿಟ್ಟರು. ದಕ್ಷಿಣ ಭಾರತದ ಒಂದು ಮುಖ್ಯ ಜಾತಿಯನ್ನು 1979ರಲ್ಲಿ ವಿವರಿಸಿದ ಮದ್ರಾಸ್ ವಿಶ್ವವಿದ್ಯಾಲಯದ ಕೆ. ನಟರಾಜನ್ ಅದನ್ನು ಹೈಮ್ ಅವರ ಗೌರವಾರ್ಥ ಟರ್ಮಿಟೊಮೈಸಿಸ್ ಹೈಮಿ ಎಂದು ಕರೆದರು. ಈ ಅಣಬೆಗಳು ಗೆದ್ದಲು ಗೂಡಿನ ಹೊರಗೆ ಸ್ವತಂತ್ರವಾಗಿ ಬದುಕುವುದಿಲ್ಲ. ಗೆದ್ದಲು ಅವನ್ನು ಬೆಳೆಸುತ್ತದೆ. ಅಲಂಕಾರಕ್ಕೆ ಹೇಳುವ ಮಾತಲ್ಲ ಇದು, ಅಕ್ಷರಶಃ ಬೇಸಾಯ. ತಂಜಾವೂರಿನ ಹುತ್ತಗಳನ್ನು ಅಗೆದು ನೋಡಿದ ನಿಸರ್ಗತಜ್ಞ ಯೋಹಾನ್ ಗೆರಾರ್ಡ್ ಕೊಯ್ನಿಗ್ 1779ರಲ್ಲೇ ಒಳಗಿನ ಈ ತೋಟಗಳ ಬಗ್ಗೆ ಬರೆದಿದ್ದರು. ಜಗತ್ತಿನಲ್ಲಿ ಹೀಗೆ ಶಿಲೀಂಧ್ರ ಬೆಳೆಸುವ ಗೆದ್ದಲು ಜಾತಿಗಳು ಸುಮಾರು 330. ಅವೆಲ್ಲವೂ ಸುಮಾರು ಮೂರು ಕೋಟಿ ವರ್ಷಗಳ ಹಿಂದೆ ಆಫ್ರಿಕದ ಮಳೆಕಾಡಿನಲ್ಲಿ ಒಮ್ಮೆ ಮಾತ್ರ ಶುರುವಾದ ಬೇಸಾಯದ ವಾರಸುದಾರರು ಎಂದು ಡ್ಯೂರ್ ಆನೆನ್ ಮತ್ತು ಸಂಗಡಿಗರ ಅಧ್ಯಯನಗಳು ತೋರಿಸಿವೆ. ಮನುಷ್ಯನ ಬೇಸಾಯಕ್ಕೆ ಹತ್ತು ಹನ್ನೆರಡು ಸಾವಿರ ವರ್ಷ.

ಒಳಗೆ ನಡೆಯುವುದು ಹೀಗೆ. ಗೆದ್ದಲಿಗೆ ಒಣಗಿದ ಎಲೆ, ಹುಲ್ಲು, ಮರದಲ್ಲಿರುವ ಲಿಗ್ನಿನ್ ಎಂಬ ಗಡಸು ಪದಾರ್ಥವನ್ನು ಒಂಟಿಯಾಗಿ ಅರಗಿಸಿಕೊಳ್ಳುವುದು ಕಷ್ಟ. ಎಳೆಯ ಕೆಲಸಗಾರ ಗೆದ್ದಲುಗಳು ಹೊರಗಿನಿಂದ ಬಂದ ಒಣಕಸವನ್ನು ಶಿಲೀಂಧ್ರದ ಬಿಳಿ ಗುಂಡುಗಳ ಜೊತೆ ತಿಂದು, ಅರೆಬರೆ ಅರಗಿದ್ದನ್ನು ಹಿಕ್ಕೆಯಾಗಿ ಹಾಕಿ ಸ್ಪಂಜಿನಂಥ ಗಡ್ಡೆ ಕಟ್ಟುತ್ತವೆ. ಶಿಲೀಂಧ್ರದ ಬೀಜಕ ಹೀಗೆ ಗೊಬ್ಬರದೊಳಗೆ ತಾನಾಗಿ ಬಿತ್ತನೆಯಾಗುತ್ತದೆ. ಎಳೆಗಳು ಹಬ್ಬಿ ಲಿಗ್ನಿನ್ ಕರಗಿಸುತ್ತವೆ, ಸಾಸಿವೆ ಗಾತ್ರದ ಹೊಸ ಗುಂಡುಗಳನ್ನು ಬಿಡುತ್ತವೆ. ಹಣ್ಣಾದ ಹಳೆಯ ಗಡ್ಡೆಯನ್ನು ದೊಡ್ಡ ಕೆಲಸಗಾರರು ತಿಂದು ಮುಗಿಸುತ್ತಾರೆ. ಕಳೆ ತೆಗೆಯುವುದೂ ಉಂಟು. ನಮ್ಮ ಕಡೆ ಎತ್ತರದ ಹುತ್ತ ಕಟ್ಟುವ ಒಡೊಂಟೊಟರ್ಮಿಸ್ ಒಬೆಸಸ್ ಎಂಬ ಗೆದ್ದಲು ಬೆಳೆಯ ಶಿಲೀಂಧ್ರವನ್ನೂ ಕಳೆಯ ಶಿಲೀಂಧ್ರವನ್ನೂ ವಾಸನೆಯಿಂದಲೇ ಗುರುತಿಸಿ, ಕಳೆಯ ಮೇಲೆ ಮಣ್ಣು ಮುಚ್ಚುತ್ತದೆ ಎಂದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ರೆನೀ ಬೋರ್ಜಿಸ್ ಅವರ ತಂಡ 2017ರಲ್ಲಿ ತೋರಿಸಿತು. ಗೆದ್ದಲು ಸತ್ತು ಗೂಡು ಪಾಳುಬಿದ್ದರೆ ಆ ಕಳೆಯೇ ಕೆಲವೇ ದಿನಗಳಲ್ಲಿ ಇಡೀ ತೋಟವನ್ನು ಆಕ್ರಮಿಸಿಬಿಡುತ್ತದೆ. ಗೆದ್ದಲಿಲ್ಲದೆ ಅಣಬೆ ಇಲ್ಲ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಪುರಾವೆ ಬೇಡ. ನಾವು ಕೀಳುವ ಕೊಡೆ ಈ ತೋಟದಿಂದ ಹೊರಟು, ಗೂಡಿನ ಮಣ್ಣನ್ನು ಸೀಳಿಕೊಂಡು, ಉದ್ದನೆಯ ಬೇರಿನಂಥ ದಂಟಿನ ಮೇಲೆ ಹೊರಬಂದದ್ದು. ಆ ದಂಟು ಕೆಲವೊಮ್ಮೆ ಮೊಳಗಟ್ಟಲೆ ಆಳಕ್ಕೆ ಇಳಿದಿರುತ್ತದೆ.

ಆದ್ದರಿಂದ ಇರುವ ಹುತ್ತದ ಮಟ್ಟಿಗೆ ಸ್ವಿಸ್ ಪಾಠ ಪೂರ್ತಿ ಸಲ್ಲುತ್ತದೆ. ನೆಲಮಟ್ಟದಲ್ಲಿ ಕೊಡೆ ಮುರಿದರೆ ತೋಟಕ್ಕೆ ಏನೂ ಆಗುವುದಿಲ್ಲ. ಗೆದ್ದಲಿನ ಊಟಕ್ಕೂ ಕೊಡೆಗೂ ಸಂಬಂಧವಿಲ್ಲ, ಅದು ತಿನ್ನುವುದು ಒಳಗಿನ ಗುಂಡುಗಳನ್ನು ಮತ್ತು ಗಡ್ಡೆಯನ್ನು. ಒಂದು ಹುತ್ತ ವರ್ಷಾನುಗಟ್ಟಲೆ ಬಾಳುತ್ತದೆ, ವರ್ಷವರ್ಷವೂ ಅದೇ ಜಾಗದಲ್ಲಿ ಅಣಬೆ ಏಳುತ್ತದೆ. ಅಣಬೆಯ ಜಾಗ ಮನೆತನದ ಗುಟ್ಟಾಗಿ ಉಳಿಯಲು ಸಾಧ್ಯವಾದದ್ದೇ ಇದರಿಂದ. ಕೀಳುವುದೇ ಕೊಲ್ಲುವುದಾಗಿದ್ದರೆ ಅಜ್ಜಿ ಕಿತ್ತ ಜಾಗದಲ್ಲಿ ಮೊಮ್ಮಗಳು ಕೀಳುವ ರೂಢಿ ಎಂದೋ ನಿಂತುಹೋಗುತ್ತಿತ್ತು. ಆದರೆ ದಂಟಿನ ಆಸೆಗೆ ಹಾರೆ, ಕತ್ತಿ ಹಾಕಿ ಅಗೆದರೆ ಮಾತು ಬೇರೆ. ಆಗ ತೋಟಕ್ಕೆ ನೀರು ನುಗ್ಗುತ್ತದೆ, ಇರುವೆ ನುಗ್ಗುತ್ತದೆ, ಗೂಡಿನೊಳಗಿನ ಹದವಾದ ಬಿಸಿ ತೇವ ಕೆಡುತ್ತದೆ.

ಸ್ವಿಸ್ ಪಾಠ ಸಾಲದಾಗುವುದು ಹೊಸ ಹುತ್ತದ ವಿಷಯದಲ್ಲಿ. ಮೊದಲ ಮಳೆಗೆ ರೆಕ್ಕೆ ಬಿಚ್ಚಿ ಹಾರುವ ಈಸಲು ಹುಳುಗಳು ಹೊಸ ಗೂಡಿನ ರಾಜ ರಾಣಿಯಾಗಬೇಕಾದವರು. ಅವು ಜೋಡಿಯಾಗಿ, ರೆಕ್ಕೆ ಕಳಚಿ, ಮಣ್ಣು ಸೇರುವಾಗ ಹೆಚ್ಚಿನ ಜಾತಿಗಳಲ್ಲಿ ಬೆಳೆಯ ಬೀಜವನ್ನು ಜೊತೆಗೆ ಒಯ್ಯುವುದಿಲ್ಲ. ಆಫ್ರಿಕದ ಒಂದು ಜಾತಿಯಲ್ಲಿ ರಾಜ ಒಯ್ಯುತ್ತಾನೆ, ಮೈಕ್ರೊಟರ್ಮಿಸ್ ಕುಲದಲ್ಲಿ ರಾಣಿ ಒಯ್ಯುತ್ತಾಳೆ. ಉಳಿದವರೆಲ್ಲ ಬರಿಗೈಯಲ್ಲಿ ಸಂಸಾರ ಹೂಡುವವರು. ರಾಣಿಯ ಮೊದಲ ಮೊಟ್ಟೆಗಳು ಒಡೆದು ಕೆಲಸಗಾರರು ಬಲಿತು ಮೊದಲ ಸಲ ಮೇವಿಗೆ ಹೊರಬೀಳುವ ಹೊತ್ತಿಗೆ ಸುತ್ತಲಿನ ನೆಲದಲ್ಲಿ, ತರಗಿನ ಮೇಲೆ ಅಣಬೆಯ ಬೀಜಕ ಬಿದ್ದಿರಬೇಕು. ಮೇವಿನ ಜೊತೆ ಅದು ಒಳಗೆ ಬಂದರೆ ತೋಟ ಶುರುವಾಯಿತು, ಬಾರದಿದ್ದರೆ ಆ ಸಂಸಾರ ಉಳಿಯುವುದಿಲ್ಲ. ಈಸಲು ಮೊದಲು ಏಳುತ್ತದೆ, ಅಣಬೆ ಅನಂತರ ಏಳುತ್ತದೆ ಎಂಬ ಮಳೆಗಾಲದ ಕ್ರಮದ ಹಿಂದೆ ಈ ಹೊಂದಾಣಿಕೆಯಿದೆ. ಹಳೆಯ ಹುತ್ತದ ಅಣಬೆ ತನ್ನ ಹುತ್ತಕ್ಕಾಗಿ ಎದ್ದದ್ದಲ್ಲ, ಸುತ್ತಲಿನ ಹೊಸ ಗೂಡುಗಳಿಗೆ ಬಿತ್ತನೆ ಬೀಜವಾಗಿ ಎದ್ದದ್ದು.

ಈಗ ನಮ್ಮ ರೂಢಿಯನ್ನು ನೋಡೋಣ. ಅಡುಗೆಗೆ ಮೆಚ್ಚುವುದು ಮೊಗ್ಗು. ಕೊಡೆ ಪೂರ್ತಿ ಬಿಚ್ಚಿದರೆ ಹುಳು ಬೀಳುತ್ತದೆ, ಬೇಗ ಕೊಳೆಯುತ್ತದೆ, ಸಂತೆಯಲ್ಲೂ ಬೆಲೆಯಿಲ್ಲ. ಬೀಜಕ ಉದುರುವುದಾದರೋ ಕೊಡೆ ಬಿಚ್ಚಿದ ಮೇಲೆಯೇ. ಕೀಡಾಜಡಿಯಲ್ಲಿ ಆದ ತಪ್ಪು ಇಲ್ಲೂ ಅದೇ ಆಕಾರದಲ್ಲಿದೆ: ಬಿತ್ತನೆಗೆ ಮುಂಚೆಯೇ ಕಟಾವು. ಒಂದು ಕೊಡೆಯಲ್ಲಿ ಕೋಟ್ಯಂತರ ಬೀಜಕಗಳಿರುವಾಗ ಅಷ್ಟಿಷ್ಟು ಕಿತ್ತರೆ ಏನಾದೀತು ಎಂದು ಕೇಳಬಹುದು. ಸರಿಯಾದ ಪ್ರಶ್ನೆಯೇ. ಕಾಡಿನ ನಡುವಿನ ಹುತ್ತಗಳಲ್ಲಿ ಎದ್ದದ್ದೆಲ್ಲ ಯಾರ ಕಣ್ಣಿಗೂ ಬೀಳದೆ ಅರಳಿ ಉದುರುವವರೆಗೆ ಚಿಂತೆಯಿಲ್ಲ. ಆದರೆ ಕಾಡು ತುಂಡು ತುಂಡಾಗಿ, ಹುತ್ತಗಳು ತೋಟದಂಚಿಗೂ ರಸ್ತೆಬದಿಗೂ ಸರಿದಿರುವ ಕಡೆ ಎಲ್ಲ ಹುತ್ತವೂ ಕಣ್ಣಿಗೆ ಬೀಳುವ ಹುತ್ತವೇ. ಹೆದ್ದಾರಿಯಲ್ಲಿ ಮಾರಾಟವೂ ಸೇರಿಕೊಂಡರೆ ಒಂದು ಮೊಗ್ಗೂ ಉಳಿಯುವುದಿಲ್ಲ. ಗೋವೆಯಲ್ಲಿ ಮಳೆಗಾಲದ ರಸ್ತೆಬದಿಯ ಅಳ್ಮಿ ಮಾರಾಟದ ಬಗ್ಗೆ ಶಿಲೀಂಧ್ರ ವಿಜ್ಞಾನಿ ನಂದಕುಮಾರ್ ಕಾಮತ್ ದಶಕಗಳಿಂದ ಎಚ್ಚರಿಸುತ್ತ ಬಂದಿರುವುದು ಸುಮ್ಮನೆ ಅಲ್ಲ. ಹಾಗಾಗಿ ಒಂದು ಹುತ್ತದ ಸುತ್ತ ಎದ್ದವುಗಳಲ್ಲಿ ಕೆಲವನ್ನಾದರೂ ಅರಳಿ, ಬೀಜಕ ಉದುರಿಸಿ, ಅಲ್ಲೇ ಕೊಳೆಯಲು ಬಿಡಬೇಕು. ಬೀಜಕ್ಕೆಂದು ಒಳ್ಳೆಯ ಸೌತೆಕಾಯಿಯನ್ನು ಬಳ್ಳಿಯಲ್ಲೇ ಬಿಡುವ ಮನೆಗಳಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಕರಾವಳಿಯ ಮುರಕಲ್ಲು ಗುಡ್ಡಗಳ ಕಲ್ಲಣಬೆಗೆ ಬೇರೆಯೇ ಎಚ್ಚರ ಬೇಕು. ಗೋಲಿಯಂಥ ಈ ಅಣಬೆ ಆಸ್ಟ್ರೇಯಸ್ ಕುಲದ್ದು, ಮರದ ಬೇರಿನ ಜೊತೆ ಬಾಳುವಂಥದು. ಮೇಲ್ಮಣ್ಣು ಕೆದಕಿಯೇ ತೆಗೆಯಬೇಕು, ಒಳಗೆ ಬೆಳ್ಳಗಿರುವಾಗಲೇ ತಿನ್ನಬೇಕು. ಮತ್ಸುತಾಕೆಯ ಪಾಠ ಇದಕ್ಕೆ ನೇರವಾಗಿ ಹೊಂದುತ್ತದೆ: ಕೆದಕಿದ ಮಣ್ಣು ತರಗನ್ನು ಮತ್ತೆ ಮುಚ್ಚಿ ಬರಬೇಕು. ಆದರೆ ಗುಡ್ಡವನ್ನೇ ಕಲ್ಲುಕೋರೆಗೆ ಕೊಟ್ಟ ಮೇಲೆ ಮುಚ್ಚಲು ಮಣ್ಣೂ ಉಳಿಯುವುದಿಲ್ಲ.

ಇಷ್ಟೆಲ್ಲ ಕಷ್ಟಪಟ್ಟು ಕಾಡಿನ ಅಣಬೆ ತಿನ್ನುವುದೇ ಯಾಕೆ, ವಿಷದ ಭಯವಿಲ್ಲವೇ ಎನ್ನುವವರಿದ್ದಾರೆ. ಈ ಆಕ್ಷೇಪವನ್ನು ಲಘುವಾಗಿ ತೆಗೆದುಕೊಳ್ಳಬಾರದು. 2022ರ ಏಪ್ರಿಲ್‌ನಲ್ಲಿ ಮೇಲಣ ಅಸ್ಸಾಮಿನಲ್ಲಿ ಕಾಡಿನ ಅಣಬೆ ತಿಂದು 13 ಮಂದಿ ಸತ್ತರು. ಅವರಲ್ಲಿ ಹೆಚ್ಚಿನವರು ಚಹಾತೋಟಗಳ ಬಡವರು. ಅಮಾನಿಟಾ ಕುಲದ ಮಾರಕ ಜಾತಿಗಳಲ್ಲಿರುವ ಅಮಾಟಾಕ್ಸಿನ್ ನಮ್ಮ ಜೀವಕೋಶಗಳು ವಂಶವಾಹಿಯ ಸಂದೇಶವನ್ನು ನಕಲು ಮಾಡುವ ಕಿಣ್ವವನ್ನೇ ಕಟ್ಟಿಹಾಕುತ್ತದೆ, ಪ್ರೋಟೀನ್ ತಯಾರಿಕೆ ನಿಂತು ಯಕೃತ್ತು ಸಾಯುತ್ತದೆ. ಬೇಯಿಸಿದರೂ ಒಣಗಿಸಿದರೂ ಈ ವಿಷ ಹೋಗುವುದಿಲ್ಲ. ವಾಂತಿಭೇದಿ ಶುರುವಾಗುವುದು ಊಟವಾಗಿ ಆರು ಗಂಟೆಯ ಮೇಲೆ, ಹಲವು ಸಲ ಹನ್ನೆರಡು ಗಂಟೆ ಕಳೆದ ಮೇಲೆ. ಆಮೇಲೆ ಒಂದು ದಿನ ವಾಸಿಯಾದಂತೆ ಕಾಣುತ್ತದೆ, ಆ ಹೊತ್ತಿಗೆ ಒಳಗೆ ಯಕೃತ್ತು ಕೆಡುತ್ತಿರುತ್ತದೆ. ಬೆಳ್ಳಿ ನಾಣ್ಯ ಹಾಕಿದರೆ ಕಪ್ಪಾಗುತ್ತದೆ, ಬೆಳ್ಳುಳ್ಳಿಯ ಬಣ್ಣ ತಿರುಗುತ್ತದೆ, ಹುಳು ತಿಂದದ್ದಾದರೆ ಮನುಷ್ಯರೂ ತಿನ್ನಬಹುದು ಎಂಬ ಪರೀಕ್ಷೆಗಳೆಲ್ಲ ಶುದ್ಧ ಸುಳ್ಳು, ಇವುಗಳನ್ನು ನಂಬಿ ಜೀವಗಳು ಹೋಗಿವೆ. ಅರಿವು ನೆಲಕ್ಕೆ ಅಂಟಿಕೊಂಡದ್ದು ಎನ್ನುವುದನ್ನೂ ಮರೆಯಬಾರದು. 2011ರ ವರ್ಷಾಂತ್ಯದ ರಾತ್ರಿ ಆಸ್ಟ್ರೇಲಿಯದ ಕ್ಯಾನ್‌ಬೆರಾದಲ್ಲಿ ಅಮಾನಿಟಾ ಉಂಡು ಕೆಲವೇ ದಿನಗಳಲ್ಲಿ ಇಬ್ಬರು ಸತ್ತರು. ಏಷ್ಯದಲ್ಲಿ ದಿನನಿತ್ಯ ತಿನ್ನುವ ಭತ್ತದ ಹುಲ್ಲಿನ ಅಣಬೆಯೆಂದು ಅದನ್ನು ತಿಳಿದಿರಬೇಕು. ಒಂದು ಊರಿನಲ್ಲಿ ಕಲಿತ ಗುರುತು ಇನ್ನೊಂದು ಊರಿನಲ್ಲಿ ಮೋಸ ಮಾಡುತ್ತದೆ.

ಆದರೂ ಈ ಅಪಾಯಕ್ಕೆ ಅಣಬೆಯನ್ನೇ ಬಿಟ್ಟುಬಿಡುವುದು ಉತ್ತರವಲ್ಲ. ಬಿಟ್ಟರೆ ಹೋಗುವುದು ಗುರುತಿಸುವ ವಿದ್ಯೆ, ಆ ವಿದ್ಯೆ ಹೋದ ಊರಿನಲ್ಲಿಯೇ ಅನಾಹುತಗಳು ಹೆಚ್ಚು. ಹುತ್ತದ ಅಣಬೆಗೆ ಗೂಡಿಗಿಳಿಯುವ ಬೇರಿನಂಥ ದಂಟಿದೆ, ಬೀಜಕದ ಪುಡಿ ನಸುಗುಲಾಬಿ. ಅಮಾನಿಟಾದ ಬೀಜಕ ಬಿಳಿ, ಬುಡದಲ್ಲಿ ಬಟ್ಟಲಿನಂಥ ಚೀಲವಿರುತ್ತದೆ. ಮಳೆ ಬಂದೊಡನೆ ಹುಲ್ಲುಹಾಸಿನಲ್ಲಿ ಎದ್ದು ನೋಡಲು ಅಂದವಾಗಿರುವ, ತಿಂದವರನ್ನು ವಾಂತಿಭೇದಿಯಿಂದ ಆಸ್ಪತ್ರೆಗೆ ಸೇರಿಸುವ ಕ್ಲೋರೊಫಿಲ್ಲಮ್ ಮಾಲಿಬ್ಡೈಟಿಸ್‌ನ ಬೀಜಕ ಹಸಿರು. ಕೊಡೆಯನ್ನು ರಾತ್ರಿ ಬಿಳಿ ಕಾಗದದ ಮೇಲೆ ಬೋರಲು ಹಾಕಿಟ್ಟರೆ ಬೆಳಗ್ಗೆ ಬಣ್ಣ ಕಾಣುತ್ತದೆ. ಇದೊಂದನ್ನೇ ನಂಬಿ ಯಾವುದನ್ನೂ ತಿನ್ನಬಾರದು. ಬಲ್ಲವರ ಕಣ್ಣು ಬೇಕೇ ಬೇಕು, ಒಂದು ಲಕ್ಷಣ ತಾಳೆಯಾಗದಿದ್ದರೂ ಎಸೆಯಬೇಕು. ಈ ಗುರುತುಗಳೆಲ್ಲ ಕಾಣುವುದು ಅರಳಿದ ಅಣಬೆಯಲ್ಲಿ. ಎಳೆಯ ಮೊಗ್ಗುಗಳು ಒಂದನ್ನೊಂದು ಹೋಲುತ್ತವೆ. ಕೆಲವನ್ನು ಅರಳಲು ಬಿಡುವ ರೂಢಿ ಗೆದ್ದಲಿಗಷ್ಟೇ ಅಲ್ಲ, ತಿನ್ನುವವರ ಜೀವಕ್ಕೂ ಒಳ್ಳೆಯದು.

ಇನ್ನು ಉಳಿದದ್ದು ನಿಷೇಧದ ಪ್ರಶ್ನೆ. ಕೀಳುವುದನ್ನೇ ಕಾನೂನಿನಿಂದ ನಿಲ್ಲಿಸಿದರೆ ಹೇಗೆ? ಸ್ವಿಟ್ಜರ್ಲೆಂಡಿನ ಹಲವು ಪ್ರಾಂತ್ಯಗಳಲ್ಲಿ ತಿಂಗಳ ಕೆಲವು ದಿನ ಕೀಳಬಾರದು, ದಿನಕ್ಕೆ ಇಂತಿಷ್ಟೇ ಕಿಲೋ ಎಂಬ ನಿಯಮಗಳಿವೆ. ಅಭಯಾರಣ್ಯದೊಳಗೆ ಅನುಮತಿಯಿಲ್ಲದೆ ಏನನ್ನೂ ತೆಗೆಯಬಾರದೆಂದು ನಮ್ಮ 1972ರ ವನ್ಯಜೀವಿ ಕಾಯ್ದೆ ಈಗಾಗಲೇ ಹೇಳುತ್ತದೆ, ಅದಕ್ಕೆ ನನ್ನ ತಕರಾರಿಲ್ಲ. ಆದರೆ ಊರಂಚಿನ ಸೊಪ್ಪಿನಬೆಟ್ಟದಲ್ಲಿ, ತೋಟದ ಬದಿಯಲ್ಲಿ ಬುಟ್ಟಿ ಹಿಡಿದ ಹೆಂಗಸನ್ನು ತಡೆದರೆ ಅಣಬೆ ಉಳಿಯುತ್ತದೆ ಎಂಬುದಕ್ಕೆ ಮೇಲೆ ಹೇಳಿದ ಯಾವ ಸಾಕ್ಷ್ಯವೂ ಬೆಂಬಲವಾಗಿ ನಿಲ್ಲುವುದಿಲ್ಲ. ಹುತ್ತವನ್ನು ಒಂದು ಬೆಳಗ್ಗೆ ನೆಲಸಮ ಮಾಡುವ ಜೆಸಿಬಿಗೆ ಆ ನಿಷೇಧ ತಾಗುವುದೂ ಇಲ್ಲ. ಬೆಟ್ಟ ಬಗೆದು ಅಡಿಕೆ ತೋಟ ವಿಸ್ತರಿಸುವಾಗ, ರಬ್ಬರ್, ಶುಂಠಿಗೆ ನೆಲ ಹದ ಮಾಡುವಾಗ, ನಿವೇಶನಕ್ಕೆ ಗುಡ್ಡ ಸಮತಟ್ಟು ಮಾಡುವಾಗ ಮೊದಲು ಹೋಗುವುದು ಹುತ್ತ. ಉಳಿದ ಹುತ್ತಕ್ಕೆ ಕ್ಲೋರ್‌ಪೈರಿಫಾಸ್‌ನಂಥ ಗೆದ್ದಲುನಾಶಕ ಸುರಿಯುತ್ತಾರೆ. ಆ ನೆಲದ ಒಣ ಹುಲ್ಲು ಎಲೆಗಳಿಗೆ ಬದಲಾಗಿ ಕಳೆನಾಶಕ ಸಿಂಪಡಿಸಿದ ಬೋಳು ಮಣ್ಣು ಉಳಿದರೆ ಗೆದ್ದಲಿಗೆ ಮೇವೂ ಇಲ್ಲ. ಗೆದ್ದಲು ಬೆಳೆ ತಿನ್ನುತ್ತದೆ ಎಂಬ ರೈತರ ದೂರು ಸುಳ್ಳಲ್ಲ. ಎಳೆಯ ಸಸಿಗಳನ್ನು, ಒಣಗುತ್ತಿರುವ ಗಿಡಗಳನ್ನು ಅದು ಕೆಡಿಸುವುದುಂಟು. ಆದರೆ ಮೇಲೆ ಸಾಕಷ್ಟು ಒಣಕಸ ಇರುವ ಕಡೆ ಅದರ ಮುಖ್ಯ ಮೇವು ಸತ್ತ ಸಸ್ಯವೇ. ಸಸಿಯನ್ನು ಕಾಪಾಡಿಕೊಳ್ಳಲು ದೂರದ ಹುತ್ತವನ್ನು ಕೊಲ್ಲಬೇಕಾಗಿಲ್ಲ.

ಮನೆಯಲ್ಲಿ ಬೆಳೆಸಿಕೊಂಡರಾಯಿತು ಎಂಬ ದಾರಿಯೂ ಇಲ್ಲಿಲ್ಲ. ಚಿಪ್ಪಣಬೆಯನ್ನು ಹುಲ್ಲಿನ ಚೀಲದಲ್ಲಿ ಬೆಳೆಯಬಹುದು, ಗುಂಡಣಬೆಗೆ ಕಾರ್ಖಾನೆಗಳೇ ಇವೆ. ಹುತ್ತದ ಅಣಬೆಯ ಎಳೆಗಳನ್ನು ಪ್ರಯೋಗಾಲಯದ ತಟ್ಟೆಯಲ್ಲಿ ಬೆಳೆಸಲು ಬರುತ್ತದೆ, ಆದರೆ ಗೆದ್ದಲಿಲ್ಲದೆ ಅದನ್ನು ಮಾರುಕಟ್ಟೆಗೆ ಒದಗುವಂತೆ ಬೆಳೆಯುವುದು ಇನ್ನೂ ಕೈಗೂಡಿಲ್ಲ. ಮಳೆಗಾಲದಲ್ಲಿ ಈ ಅಣಬೆಗೆ ಹೋಗುವವರಲ್ಲಿ ಕೇಳಿಕೊಳ್ಳುವುದು ಇಷ್ಟೆ: ನೆಲಮಟ್ಟದಲ್ಲಿ ಮುರಿಯಿರಿ, ಅಗೆಯಬೇಡಿ, ಪ್ರತಿ ಹುತ್ತದಲ್ಲೂ ಕೆಲವು ಕೊಡೆ ಅರಳಲಿ. ತೋಟ, ಬೆಟ್ಟ, ನಿವೇಶನ ಇರುವವರಲ್ಲಿ ಕೇಳಿಕೊಳ್ಳುವುದು ಅದಕ್ಕಿಂತ ದೊಡ್ಡದು: ಜೆಸಿಬಿ ತರಿಸುವ ಮುನ್ನ ನೆಲದಲ್ಲಿರುವ ಹುತ್ತಗಳನ್ನು ಒಮ್ಮೆ ಎಣಿಸಿ, ದಾರಿಗೆ ಅಡ್ಡವಿಲ್ಲದವನ್ನು ಮುಟ್ಟದೆ ಬಿಡಿ.